ಹಗಲಿನ ಎರಡು ನಿದ್ದೆಯಿಂದ ಒಂದಕ್ಕೆ: ಮಗುವಿಗೆ ಕಷ್ಟವಾಗದಂತೆ ಬದಲಾಯಿಸುವುದು ಹೇಗೆ?

ಒಂದು ವರ್ಷ ದಾಟಿದ ಮಗು ಬೆಳಗಿನ ನಿದ್ದೆಯನ್ನು ಸೊಗಸಾಗಿ ಮಾಡುತ್ತದೆ. ಮಧ್ಯಾಹ್ನ ಮಲಗಿಸಿದರೆ ಮಾತ್ರ ತೊಟ್ಟಿಲಲ್ಲಿ ಎದ್ದು ನಿಂತು ಆಟ ಶುರು ಮಾಡುತ್ತದೆ. ಸಂಜೆ ಐದಾಗುತ್ತಿದ್ದಂತೆ ರಚ್ಚೆ ಹಿಡಿಯುತ್ತದೆ. "ಒಂದು ನಿದ್ದೆ ಬಿಡಿಸುವ ಕಾಲ ಬಂತೇ? ಬಿಡಿಸುವುದಾದರೆ ಯಾವುದನ್ನು, ಹೇಗೆ?" ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಿರುವುದರಿಂದ ಇಡೀ ಕ್ರಮವನ್ನು ಇಲ್ಲಿ ಬಿಡಿಸಿ ಬರೆದಿದ್ದೇವೆ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇವೆ. ಹೋಗಬೇಕಾದದ್ದು ಬೆಳಗಿನ ನಿದ್ದೆ, ಉಳಿಯಬೇಕಾದದ್ದು ಮಧ್ಯಾಹ್ನದ ನಿದ್ದೆ. ಮಗು ಮಧ್ಯಾಹ್ನದ್ದನ್ನೇ ಬೇಡವೆನ್ನುತ್ತಿದ್ದರೂ ಈ ಮಾತು ಬದಲಾಗುವುದಿಲ್ಲ. ಬೆಳಗಿನದನ್ನು ಉಳಿಸಿಕೊಂಡರೆ ಹನ್ನೊಂದಕ್ಕೆ ಎದ್ದ ಮಗು ರಾತ್ರಿಯವರೆಗೆ ಎಂಟು ಗಂಟೆ ಎಚ್ಚರವಾಗಿರಬೇಕಾಗುತ್ತದೆ. ಈ ವಯಸ್ಸಿನ ಮಗುವಿಗೆ ಅದು ಆಗದ ಕೆಲಸ. ಎರಡನೆಯ ಮಾತು, ಇದು ಮೂರರಿಂದ ಆರು ವಾರ ಹಿಡಿಯುವ ಕೆಲಸ. ಕೆಟ್ಟುಹೋಗುವ ಹತ್ತು ಪ್ರಯತ್ನಗಳಲ್ಲಿ ಹೆಚ್ಚಿನವು ಕೆಡುವುದು ಅವಸರದಿಂದಲೇ.

ಒಳಗೆ ಏನು ನಡೆಯುತ್ತದೆ

ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗುತ್ತದೆ. ಅದು ಹೆಚ್ಚಿದಂತೆಲ್ಲ ಕಣ್ಣು ಎಳೆಯುತ್ತದೆ. ನಿದ್ದೆ ಮಾಡಿದಾಗ ಇಳಿಯುತ್ತದೆ. ಇದನ್ನು 'ನಿದ್ದೆಯ ಒತ್ತಡ' ಎನ್ನುತ್ತಾರೆ. ಈ ಒತ್ತಡ ಸಣ್ಣ ಕೂಸಿನಲ್ಲಿ ಚಿಕ್ಕ ಕೊಡ ತುಂಬುವಂತೆ ಬೇಗ ತುಂಬುತ್ತದೆ, ಅದಕ್ಕೇ ಅದು ಎರಡೆರಡು ಗಂಟೆಗೆ ಮಲಗುತ್ತದೆ. ಮಗು ಬೆಳೆದಂತೆ ತುಂಬುವುದಕ್ಕೆ ಹೆಚ್ಚು ಹೊತ್ತು ಬೇಕು. ಒಂದು ನಿದ್ದೆಯಿಂದ ಎದ್ದು ಮುಂದಿನ ನಿದ್ದೆಗೆ ಜಾರುವವರೆಗಿನ ಹೊತ್ತನ್ನು ಈ ಲೇಖನದಲ್ಲಿ 'ಎಚ್ಚರದ ಅವಧಿ' ಎಂದು ಕರೆಯುತ್ತೇವೆ. ಒಂದು ವರ್ಷದ ಸುಮಾರಿಗೆ ಅದು ಮೂರರಿಂದ ನಾಲ್ಕು ಗಂಟೆ. ಒಂದೂವರೆ ವರ್ಷದ ಹೊತ್ತಿಗೆ ಐದು, ಐದೂವರೆ ಗಂಟೆಗೆ ಬರುತ್ತದೆ. ನಡುವಿನ ತಿಂಗಳುಗಳಲ್ಲಿ ಮಗುವಿಗೆ ಎರಡು ನಿದ್ದೆ ಹೆಚ್ಚು, ಒಂದು ಕಡಿಮೆ. ನೀವು ಈಗ ನೋಡುತ್ತಿರುವ ಗೊಂದಲವೆಲ್ಲ ಹುಟ್ಟುವುದು ಇಲ್ಲೇ.

ಎಚ್ಚರದ ಅವಧಿ ಮೀರಿದ ಮಗು ಇನ್ನೂ ಚೆನ್ನಾಗಿ ಮಲಗುತ್ತದೆ ಎಂದುಕೊಳ್ಳಬೇಡಿ. ಆಗುವುದು ಅದಕ್ಕೆ ವಿರುದ್ಧ. ದಣಿವು ಮಿತಿ ಮೀರಿದಾಗ ದೇಹ ಎಚ್ಚರವಾಗಿರಲು ಹೋರಾಡುತ್ತದೆ: ಮಗು ಒಮ್ಮೆಲೇ ಚುರುಕಾಗುತ್ತದೆ, ಓಡುತ್ತದೆ, ಕಾರಣವಿಲ್ಲದೆ ನಗುತ್ತದೆ, ಮರುಕ್ಷಣ ಅಳುತ್ತದೆ. ಮಲಗಿಸಿದರೆ ನಲವತ್ತು ನಿಮಿಷಕ್ಕೇ ಅಳುತ್ತಾ ಏಳುತ್ತದೆ.

ಕಾಲ ಬಂದಿದೆಯೇ? ಮೊದಲು ಎರಡು ವಾರ ಗಮನಿಸಿ

ಬಹಳಷ್ಟು ಮಕ್ಕಳು 13ರಿಂದ 18 ತಿಂಗಳ ನಡುವೆ ಒಂದು ನಿದ್ದೆಗೆ ಬರುತ್ತಾರೆ. ಅವಧಿಗೆ ಮುನ್ನ ಹುಟ್ಟಿದ ಮಗುವಾದರೆ ಹುಟ್ಟಿದ ದಿನದಿಂದಲ್ಲ, ವೈದ್ಯರು ಹೇಳಿದ್ದ ಹೆರಿಗೆಯ ದಿನದಿಂದ ತಿಂಗಳು ಎಣಿಸಿ.

ವಯಸ್ಸಿಗಿಂತ ಲಕ್ಷಣ ಮುಖ್ಯ. ಈ ಕೆಳಗಿನವುಗಳಲ್ಲಿ ಎರಡು ಮೂರು ಒಟ್ಟಿಗೆ, ವಾರದಲ್ಲಿ ನಾಲ್ಕೈದು ದಿನ, ಎರಡು ವಾರ ಬಿಡದೆ ಕಂಡರೆ ಸಿದ್ಧವಾಗಿದೆ ಎನ್ನಬಹುದು:

- ಬೆಳಿಗ್ಗೆ ಮಲಗಿಸಿದರೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಹೊರಳಾಡುತ್ತದೆ, ಹಾಡಿಕೊಳ್ಳುತ್ತದೆ, ಆದರೆ ದಣಿದಂತೆ ಕಾಣುವುದಿಲ್ಲ
- ಮಧ್ಯಾಹ್ನದ ನಿದ್ದೆಯನ್ನು ಪೂರ್ತಿ ಬಿಟ್ಟುಬಿಡುತ್ತದೆ, ಅಥವಾ ಅದು ಸಂಜೆ ನಾಲ್ಕಕ್ಕೆ ಜಾರಿ ರಾತ್ರಿ ಮಲಗುವುದು ಒಂಬತ್ತೂವರೆ, ಹತ್ತಾಗುತ್ತದೆ
- ಚೆನ್ನಾಗಿ ಮಲಗುತ್ತಿದ್ದ ಮಗು ನಡುರಾತ್ರಿ ಎದ್ದು ಒಂದೆರಡು ಗಂಟೆ ಖುಷಿಯಾಗಿ ಎಚ್ಚರವಾಗಿರುತ್ತದೆ, ಇಲ್ಲವೇ ಬೆಳಗಿನ ಜಾವ ಐದಕ್ಕೇ ಏಳುತ್ತದೆ
- ಬೆಳಗಿನ ನಿದ್ದೆ ತಪ್ಪಿದ ದಿನವೂ ಹನ್ನೊಂದೂವರೆವರೆಗೆ ಹೆಚ್ಚು ಕಿರಿಕಿರಿಯಿಲ್ಲದೆ ಕಳೆಯುತ್ತದೆ

ಒಂದು ಎಚ್ಚರಿಕೆ. 11ರಿಂದ 12 ತಿಂಗಳಲ್ಲಿ ಅನೇಕ ಮಕ್ಕಳು ಒಂದೆರಡು ವಾರ ನಿದ್ದೆಯೊಂದನ್ನು ಧಿಕ್ಕರಿಸಿ ಮತ್ತೆ ತಾವಾಗಿಯೇ ಎರಡಕ್ಕೆ ಮರಳುತ್ತಾರೆ. ನಿಲ್ಲಲು, ನಡೆಯಲು ಕಲಿಯುವ ಹುರುಪು, ಅಮ್ಮ ಕಣ್ಣಿಗೆ ಕಾಣದಿದ್ದರೆ ಆಗುವ ಭಯ, ಹಲ್ಲು ಬರುವ ನೋವು, ಶೀತ ಜ್ವರ, ಪ್ರಯಾಣ, ಹೊಸ ಡೇಕೇರ್ ಎಲ್ಲವೂ ಇದನ್ನು ಉಂಟುಮಾಡುತ್ತವೆ. ಇವುಗಳ ನಡುವೆ ನಿದ್ದೆ ಬಿಡಿಸಲು ಹೊರಡಬೇಡಿ. ಒಂದು ವರ್ಷ ತುಂಬದ ಮಗುವಾದರೆ ಮಧ್ಯಾಹ್ನದ ನಿದ್ದೆಯನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿ ನೋಡಿ. ಬಹಳ ಸಲ ಅಷ್ಟೇ ಸಾಕಾಗುತ್ತದೆ.

ಬೇಕಾಗುವುದು

ದೊಡ್ಡ ಸಿದ್ಧತೆಯೇನಿಲ್ಲ. ಗಾಢ ಬಣ್ಣದ ದಪ್ಪ ಪರದೆ, ಒಂದು ನೋಟ್‌ಬುಕ್, ಮುಂದಿನ ಒಂದು ತಿಂಗಳು ಊರೂರು ಸುತ್ತುವ ಯೋಜನೆ ಇಲ್ಲದಿರುವುದು, ಮತ್ತು ಮಗುವನ್ನು ನೋಡಿಕೊಳ್ಳುವವರೆಲ್ಲರ ಒಪ್ಪಿಗೆ. ಕೊನೆಯದನ್ನು ಹಗುರವಾಗಿ ಎಣಿಸಬೇಡಿ. ನೀವು ಹನ್ನೆರಡಕ್ಕೆ ಮಲಗಿಸುವ ಮಗುವನ್ನು ಅಜ್ಜಿ ಹತ್ತಕ್ಕೆ ತೋಳಲ್ಲಿ ತಟ್ಟಿ ಮಲಗಿಸಿದರೆ ಇಡೀ ವಾರದ ಕೆಲಸ ಹೋಯಿತು. ವೇಳೆಯನ್ನು ಚೀಟಿಯಲ್ಲಿ ಬರೆದು ಎಲ್ಲರಿಗೂ ಕಾಣುವಲ್ಲಿ ಅಂಟಿಸಿ.

ಹಂತ 1: ಈಗಿನ ಲೆಕ್ಕ ಬರೆದಿಡಿ

ಐದಾರು ದಿನ ಮಗು ಎದ್ದ ಹೊತ್ತು, ಮಲಗಿಸಿದ ಹೊತ್ತು, ನಿಜವಾಗಿ ನಿದ್ದೆ ಹತ್ತಿದ ಹೊತ್ತು, ಎದ್ದ ಹೊತ್ತು, ಇಷ್ಟನ್ನು ಬರೆಯಿರಿ. ಮಲಗಿಸಿದ ಹೊತ್ತಿಗೂ ನಿದ್ದೆ ಹತ್ತಿದ ಹೊತ್ತಿಗೂ ಇರುವ ಅಂತರವೇ ನಿಮಗೆ ಹೆಚ್ಚು ಹೇಳುತ್ತದೆ. ಹತ್ತು ಹದಿನೈದು ನಿಮಿಷವಾದರೆ ವೇಳೆ ಸರಿಯಾಗಿದೆ; ನಲವತ್ತಾದರೆ ಮಗುವಿಗೆ ಇನ್ನೂ ನಿದ್ದೆ ಬಂದಿಲ್ಲ.

ರಾತ್ರಿ ಹಗಲು ಸೇರಿ ಒಟ್ಟು ನಿದ್ದೆಯನ್ನೂ ಕೂಡಿಸಿ. ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಹೇಳುತ್ತದೆ, ಹಗಲು ನಿದ್ದೆ ಅದರಲ್ಲೇ ಸೇರಿದೆ. ನಿಮ್ಮ ಮಗು ಈಗ ಹದಿಮೂರು ಗಂಟೆ ಮಲಗುತ್ತಿದ್ದರೆ ಬದಲಾವಣೆ ಮುಗಿದ ಮೇಲೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ನಿದ್ದೆಯ ಸಂಖ್ಯೆ ಕಡಿಮೆ ಮಾಡುತ್ತಿದ್ದೇವೆಯೇ ಹೊರತು ನಿದ್ದೆಯನ್ನಲ್ಲ.

ಹಂತ 2: ಬೆಳಿಗ್ಗೆ ಏಳುವ ಹೊತ್ತನ್ನು ಗಟ್ಟಿ ಮಾಡಿ

ಆರೂವರೆ, ಏಳರ ನಡುವೆ ಒಂದು ಹೊತ್ತು ಆರಿಸಿ ದಿನವೂ ಅದಕ್ಕೇ ಪರದೆ ಸರಿಸಿ. ಎದ್ದ ಅರ್ಧ ಗಂಟೆಯೊಳಗೆ ಮಗುವನ್ನು ಹೊರಗಿನ ಬೆಳಕಿಗೆ ಕರೆದೊಯ್ಯಿರಿ. ಹಗಲು ರಾತ್ರಿಯನ್ನು ಅಳೆಯುವ ಒಳಗಡಿಯಾರವನ್ನು ಹೊಂದಿಸುವುದು ಮುಖ್ಯವಾಗಿ ಬೆಳಕೇ. ಜಾವದಲ್ಲಿ ಎದ್ದರೆ ಕೋಣೆ ಕತ್ತಲಾಗಿಯೇ ಇರಲಿ. ಮಾತು, ಆಟ, ಮೊಬೈಲ್ ಬೇಡ.

ಹಂತ 3: ಬೆಳಗಿನ ನಿದ್ದೆಯನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಹಾಕಿ

ಇಡೀ ಕೆಲಸದ ಹೃದಯ ಇದು, ಹಾಗಾಗಿ ಒಂದು ಉದಾಹರಣೆ ಹಿಡಿದು ನೋಡೋಣ. ಮಗು ಆರೂವರೆಗೆ ಎದ್ದು ಒಂಬತ್ತೂವರೆಗೆ ಮಲಗುತ್ತದೆ ಎಂದುಕೊಳ್ಳಿ. ಗುರಿ ಹನ್ನೆರಡೂವರೆ. ಅಂದರೆ 180 ನಿಮಿಷ ಸರಿಸಬೇಕು. ಮೂರು ದಿನಕ್ಕೊಮ್ಮೆ 30 ನಿಮಿಷ ಸರಿಸಿದರೆ 18 ದಿನ. 15 ನಿಮಿಷ ಸರಿಸಿದರೆ 36 ದಿನ. ಹದಿನಾರು ತಿಂಗಳು ದಾಟಿದ, ಸ್ವಭಾವದಲ್ಲಿ ಸಮಾಧಾನಿಯಾದ ಮಗುವಿಗೆ ಮೊದಲನೆಯದು ನಡೆಯುತ್ತದೆ. ಹದಿಮೂರು ಹದಿನಾಲ್ಕು ತಿಂಗಳ ಮಗುವಿಗೆ, ದಣಿದರೆ ತಡೆಯಲಾರದ ಮಗುವಿಗೆ ಎರಡನೆಯದೇ ಸರಿ. ಅನುಮಾನವಿದ್ದರೆ ಹದಿನೈದೇ ಇರಲಿ.

ಪ್ರತಿ ಮೆಟ್ಟಿಲಲ್ಲೂ ಮೂರು ದಿನ ನಿಲ್ಲಿ. ಮೊದಲ ದಿನ ಕಿರಿಕಿರಿ ಸಹಜ, ಮೂರನೆಯ ದಿನ ಕಡಿಮೆಯಾಗಬೇಕು. ಕಡಿಮೆಯಾಗದಿದ್ದರೆ ಅದೇ ಮೆಟ್ಟಿಲಲ್ಲಿ ಇನ್ನೂ ಎರಡು ದಿನ ಇರಿ. ಹಿಂದಿನ ಮೆಟ್ಟಿಲಿಗೆ ಇಳಿದರೂ ತಪ್ಪಿಲ್ಲ.

ಮಗುವಿಗೆ ಕಣ್ಣು ಎಳೆಯುವ ಹೊತ್ತಿಗೆ ಚಟುವಟಿಕೆ ಬದಲಿಸಿ. ಅದು ಕಣ್ಣುಜ್ಜುವುದು, ಕಿವಿ ಎಳೆದುಕೊಳ್ಳುವುದು, ನಿಮ್ಮ ಹೆಗಲಿಗೆ ಒರಗುವುದು ಶುರುವಾಗುವ ಐದು ನಿಮಿಷ ಮೊದಲೇ ಹೊರಗೆ ಕರೆದೊಯ್ಯಿರಿ, ಟಬ್‌ನಲ್ಲಿ ಸ್ವಲ್ಪ ನೀರು ಹಾಕಿ ನಿಮ್ಮ ಕಣ್ಣೆದುರೇ ಆಡಿಸಿ, ಕೈಗೆ ತಿನ್ನಲು ಏನಾದರೂ ಕೊಡಿ. ಟಿವಿ, ಮೊಬೈಲ್ ಮುಂದೆ ಕೂರಿಸುವುದು, ಸ್ಟ್ರಾಲರ್‌ನಲ್ಲಿ ತಳ್ಳುತ್ತಾ ತಿರುಗುವುದು, ಮಡಿಲಲ್ಲಿಟ್ಟು ಹಾಲು ಕುಡಿಸುವುದು ಈ ಹೊತ್ತಿಗೆ ಬೇಡ. ಮಗು ಕೂತಲ್ಲೇ ತೂಕಡಿಸುತ್ತದೆ. ಹತ್ತೂವರೆಯ ಏಳು ನಿಮಿಷದ ತೂಕಡಿಕೆ ಸಾಕು, ನಿದ್ದೆಯ ಒತ್ತಡದ ಮೇಲ್ಪದರ ಇಳಿದು ಹನ್ನೆರಡಕ್ಕೆ ನಿದ್ದೆ ಹತ್ತದೆ ಹೋಗುತ್ತದೆ. ಕಾರಿನಲ್ಲಿ ಹೋಗುವ ಕೆಲಸವನ್ನು ಒಂಬತ್ತೂವರೆಯೊಳಗೆ ಮುಗಿಸಿ, ಇಲ್ಲವೇ ನಿದ್ದೆಯಾದ ಮೇಲೆ ಇಟ್ಟುಕೊಳ್ಳಿ.

ದಣಿದ ಮಗು ಎಡವುತ್ತದೆ ಎಂಬುದೂ ನೆನಪಿರಲಿ. ಈ ವಾರಗಳಲ್ಲಿ ಹನ್ನೊಂದು ಗಂಟೆಯ ಸುಮಾರಿಗೆ ಮೆಟ್ಟಿಲು, ಜಾರುಬಂಡಿ, ಸೋಫಾ ಹತ್ತುವ ಆಟ ಬೇಡ.

ಹಂತ 4: ನಡುವಿನ ಕಷ್ಟದ ವಾರ ದಾಟಿಸಿ

ನಿದ್ದೆ ಹನ್ನೊಂದು, ಹನ್ನೊಂದೂವರೆಗೆ ಬಂದಾಗ ಎಲ್ಲರೂ ತೊಡರುತ್ತಾರೆ. ಮಗು ಹನ್ನೊಂದೂವರೆಗೆ ಮಲಗಿ ಒಂದಕ್ಕೆ ಏಳುತ್ತದೆ. ರಾತ್ರಿ ಏಳೂವರೆಗೆ ಇನ್ನೂ ಆರೂವರೆ ಗಂಟೆ ಇದೆ. ಎರಡನೆಯ ಪೂರ್ಣ ನಿದ್ದೆಗೆ ಜಾಗವಿಲ್ಲ, ಇಲ್ಲದಿದ್ದರೆ ಮಗು ತಡೆಯುವುದಿಲ್ಲ. ಇದಕ್ಕೆ ಎರಡೇ ದಾರಿ.

ಮೊದಲನೆಯದು, ರಾತ್ರಿ ಬೇಗ ಮಲಗಿಸುವುದು. ಆರೂವರೆ, ಅಷ್ಟೇಕೆ, ಆರು ಕಾಲಾದರೂ ಸರಿ. "ಅಷ್ಟು ಬೇಗ ಮಲಗಿಸಿದರೆ ಜಾವ ನಾಲ್ಕಕ್ಕೆ ಏಳುವುದಿಲ್ಲವೇ" ಎಂದು ಹೆದರಿ ಅಪ್ಪ ಅಮ್ಮಂದಿರು ಮಗುವನ್ನು ಎಂಟರವರೆಗೆ ಎಳೆಯುತ್ತಾರೆ. ಹಗಲು ಕಳೆದುಕೊಂಡ ನಿದ್ದೆಯನ್ನು ದೇಹ ರಾತ್ರಿ ತುಂಬಿಕೊಳ್ಳುತ್ತದೆ, ಹಾಗಾಗಿ ಈ ದಿನಗಳಲ್ಲಿ ಬೇಗ ಮಲಗಿದ ಮಗು ಸಾಮಾನ್ಯವಾಗಿ ಎಂದಿನ ಹೊತ್ತಿಗೇ ಏಳುತ್ತದೆ. ಜಾವದಲ್ಲಿ ಏಳುವುದು ಹೆಚ್ಚಾಗಿ ಅತಿಯಾಗಿ ದಣಿದು ಮಲಗಿದ ಮಗು. ನಮ್ಮನ್ನು ಒಂದೇ ಒಂದು ಸಲಹೆ ಕೇಳಿದರೆ ಇದನ್ನೇ ಕೊಡುತ್ತೇವೆ.

ಎರಡನೆಯದು ಕೋಳಿನಿದ್ದೆ. ಸಂಜೆಯವರೆಗೆ ಮಗುವನ್ನು ದಾಟಿಸಲು ಮೂರೂವರೆಯ ಸುಮಾರಿಗೆ ಹದಿನೈದರಿಂದ ಇಪ್ಪತ್ತು ನಿಮಿಷ ಮಲಗಿಸುವುದು. ಇಲ್ಲಿ ಸ್ಟ್ರಾಲರ್, ತೋಳು ಯಾವುದಾದರೂ ನಡೆಯುತ್ತದೆ. ಆದರೆ ಅಲಾರಾಂ ಇಟ್ಟುಕೊಂಡು ನಾಲ್ಕರೊಳಗೆ ಎಬ್ಬಿಸಲೇಬೇಕು. ಅರ್ಧ ಗಂಟೆ ದಾಟಿದರೆ ಗಾಢ ನಿದ್ದೆಗೆ ಇಳಿದಿರುತ್ತದೆ. ಎಬ್ಬಿಸಿದರೆ ಅಳು, ಬಿಟ್ಟರೆ ರಾತ್ರಿಯ ನಿದ್ದೆಗೆ ಪೆಟ್ಟು. ಬೆಳಗಿನ ನಿದ್ದೆ ಒಂದು ಗಂಟೆಗಿಂತ ಕಡಿಮೆಯಾದ ದಿನ ಮಾತ್ರ ಇದನ್ನು ಬಳಸಿ. ದಿನವೂ ಕೊಟ್ಟರೆ ಅದೇ ಎರಡನೆಯ ನಿದ್ದೆಯಾಗಿ ಉಳಿದುಬಿಡುತ್ತದೆ.

ಹಂತ 5: ಊಟವನ್ನೂ ಹಿಂದಕ್ಕೆ ತನ್ನಿ

ನಿದ್ದೆಯ ಹೊತ್ತು ಬದಲಾಯಿಸಿ ಊಟವನ್ನು ಮೊದಲಿದ್ದ ಒಂದು ಗಂಟೆಗೇ ಬಿಟ್ಟರೆ ಮಗು ಹಸಿದ ಹೊಟ್ಟೆಯಲ್ಲಿ ಮಲಗುತ್ತದೆ. ಹಸಿದ ಮಗು ಮುಕ್ಕಾಲು ಗಂಟೆಗೆ ಎದ್ದು ಕೂರುತ್ತದೆ. ಒಂಬತ್ತೂವರೆ, ಹತ್ತಕ್ಕೆ ಸ್ವಲ್ಪ ತಿಂಡಿ, ನಿದ್ದೆಗೆ ಮುಕ್ಕಾಲು ಗಂಟೆ ಮೊದಲು ಊಟ, ಎದ್ದ ಮೇಲೆ ಇನ್ನೊಮ್ಮೆ ಏನಾದರೂ ತಿನ್ನಲು, ಹೀಗೆ ಹೊಂದಿಸಿ. ನಿದ್ದೆ ಹನ್ನೊಂದೂವರೆಗಿದ್ದಾಗ ಊಟ ಹತ್ತೂ ಮುಕ್ಕಾಲಿಗೆ ಬರುತ್ತದೆ. ದೊಡ್ಡವರಿಗೆ ವಿಚಿತ್ರವೆನಿಸಬಹುದು, ಒಂದೆರಡು ವಾರದ ಮಾತು. ಬಾಯಲ್ಲಿ ಹಾಲಿನ ಬಾಟಲಿ ಇಟ್ಟು ಮಲಗಿಸುವ ಅಭ್ಯಾಸ ಮಾತ್ರ ಬೇಡ; ಹಲ್ಲು ಹುಳುಕಾಗುತ್ತದೆ.

ಹಂತ 6: ಮಧ್ಯಾಹ್ನದ ನಿದ್ದೆಯನ್ನು ಉದ್ದ ಮಾಡಿ

ಒಂದೇ ನಿದ್ದೆಯಾದ ಮೇಲೆ ಅದು ಒಂದೂವರೆಯಿಂದ ಎರಡೂವರೆ ಗಂಟೆ ಬರಬೇಕು. ಮೊದಲ ದಿನಗಳಲ್ಲಿ ಮುಕ್ಕಾಲು ಗಂಟೆಗೇ ಎದ್ದರೆ ಕಂಗೆಡಬೇಡಿ. ಸಣ್ಣ ಮಕ್ಕಳ ನಿದ್ದೆಯ ಒಂದು ಸುತ್ತು, ಅಂದರೆ ತೆಳು ನಿದ್ದೆಯಿಂದ ಗಾಢ ನಿದ್ದೆಗೆ ಇಳಿದು ಮತ್ತೆ ಮೇಲೆ ಬರುವ ಅವಧಿ, ಹೆಚ್ಚುಕಡಿಮೆ ಒಂದು ಗಂಟೆ. ಸುತ್ತು ಮುಗಿದಾಗ ಕೋಣೆ ಬೆಳಕಾಗಿದ್ದರೆ, ಸದ್ದಿದ್ದರೆ, ಮಗು ಪೂರ್ತಿ ಎದ್ದುಬಿಡುತ್ತದೆ. ಕೋಣೆ ರಾತ್ರಿಯಷ್ಟೇ ಕತ್ತಲಾಗಿರಲಿ. ರಾತ್ರಿ ಮಲಗಿಸುವಾಗ ಮಾಡುವುದನ್ನೇ ಚಿಕ್ಕದಾಗಿ ಇಲ್ಲೂ ಮಾಡಿ: ಮುಖ ಒರೆಸಿ, ಬಟ್ಟೆ ಬದಲಿಸಿ, ಜೋಗುಳ ಹಾಡಿ, ಮಲಗಿಸಿ.

ಎದ್ದು ಕೂಗಿದ ಕೂಡಲೇ ಓಡಬೇಡಿ. ಐದು ನಿಮಿಷ ಬಾಗಿಲ ಹೊರಗೆ ನಿಂತು ಕೇಳಿ. ಗುನುಗುತ್ತಿದ್ದರೆ ತಾನಾಗಿಯೇ ಮತ್ತೆ ಮಲಗಬಹುದು. ಅಳುತ್ತಿದ್ದರೆ ಒಳಗೆ ಹೋಗಿ, ಬೆಳಕು ಹಾಕದೆ, ಎತ್ತಿಕೊಳ್ಳದೆ ಬೆನ್ನು ತಟ್ಟಿ. ಕಾಲು ಗಂಟೆ ನೋಡಿ. ಆಗದಿದ್ದರೆ ಎಬ್ಬಿಸಿಕೊಂಡು ಬನ್ನಿ, ಅಂದು ರಾತ್ರಿ ಒಂದು ಗಂಟೆ ಬೇಗ ಮಲಗಿಸಿ. ಏಳುವ ರೀತಿಯೂ ಸುಳಿವು ಕೊಡುತ್ತದೆ. ಅಳುತ್ತಾ ಎದ್ದರೆ ಸಾಮಾನ್ಯವಾಗಿ ಅತಿಯಾಗಿ ದಣಿದು ಮಲಗಿತ್ತು ಅಥವಾ ಹಸಿದಿದೆ. ನಗುತ್ತಾ ಎದ್ದು ಸಂಜೆಯವರೆಗೂ ಚೆನ್ನಾಗಿದ್ದರೆ ನಿದ್ದೆಯ ಹೊತ್ತನ್ನು ಇನ್ನೂ ಹದಿನೈದು ನಿಮಿಷ ಮುಂದಕ್ಕೆ ಹಾಕಬಹುದು.

ಇನ್ನೊಂದು ತುದಿಯ ಸಮಸ್ಯೆ, ಮೂರು ಗಂಟೆ ದಾಟಿ ಮಲಗುವುದು. ಮೂರು, ಮೂರೂ ಕಾಲಕ್ಕೆ ಎಬ್ಬಿಸಿ. ಎದ್ದ ಹೊತ್ತಿಗೂ ರಾತ್ರಿಯ ನಿದ್ದೆಗೂ ನಾಲ್ಕೂವರೆಯಿಂದ ಐದು ಗಂಟೆ ಅಂತರ ಬೇಕು.

ಹಂತ 7: ಹೊಸ ದಿನಚರಿಯನ್ನು ನೆಲೆಗೊಳಿಸಿ

ಕೊನೆಗೆ ದಿನ ಹೀಗೆ ನಿಲ್ಲುತ್ತದೆ: ಆರೂವರೆ, ಏಳಕ್ಕೆ ಏಳುವುದು, ಹನ್ನೆರಡೂವರೆಯ ಸುಮಾರಿಗೆ ನಿದ್ದೆ, ಎರಡೂವರೆ, ಮೂರಕ್ಕೆ ಏಳುವುದು, ಏಳರಿಂದ ಎಂಟರೊಳಗೆ ರಾತ್ರಿ ನಿದ್ದೆ. ಒಂದು ತಿಂಗಳು ಇದರಲ್ಲಿ ಹೆಚ್ಚು ಬದಲಾವಣೆ ಮಾಡಬೇಡಿ. ನಡುವೆ ಜ್ವರ ಬಂದರೆ, ರಾತ್ರಿ ಪೂರ್ತಿ ನಿದ್ದೆಗೆಟ್ಟಿದ್ದರೆ, ಮಗು ಕೇಳುವಷ್ಟು ಮಲಗಲಿ. ಎರಡು ನಿದ್ದೆಯಾದರೂ ಚಿಂತೆಯಿಲ್ಲ, ಚೇತರಿಸಿಕೊಂಡ ಮೇಲೆ ಒಂದಕ್ಕೆ ಬೇಗ ಮರಳುತ್ತದೆ.

ಮುಂದಕ್ಕೆ ಹಾಕಲು ಬರದ ಮಗುವಿಗೆ ಬೇರೆ ದಾರಿ

ಕೆಲವು ಮಕ್ಕಳು ಒಂಬತ್ತೂವರೆ ದಾಟಿ ಎಚ್ಚರವಾಗಿರಲು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಅಂಥವರಿಗೆ ಬೆಳಗಿನ ನಿದ್ದೆಯ ಹೊತ್ತನ್ನು ಅಲ್ಲೇ ಇಟ್ಟು ಉದ್ದವನ್ನು ಕತ್ತರಿಸಿ. ಒಂದು ಗಂಟೆ ಮಲಗುತ್ತಿದ್ದರೆ ನಾಲ್ಕೈದು ದಿನ 45 ನಿಮಿಷಕ್ಕೆ, ಮತ್ತೆ ನಾಲ್ಕೈದು ದಿನ 30ಕ್ಕೆ, ಆಮೇಲೆ 15ಕ್ಕೆ ಎಬ್ಬಿಸಿ. ಮಧ್ಯಾಹ್ನದ ನಿದ್ದೆ ಒಂದು ಗಂಟೆಯ ಸುಮಾರಿಗಿರಲಿ. ಬೆಳಗಿನದು ಕುಗ್ಗಿದಂತೆ ಅದು ಹಿಗ್ಗುತ್ತದೆ. ಹದಿನೈದು ನಿಮಿಷಕ್ಕೆ ಬಂದು ಒಂದು ವಾರವಾದ ಮೇಲೆ ಅದನ್ನೂ ಬಿಡಿಸಿ, ಆ ವಾರ ಮಧ್ಯಾಹ್ನದ್ದನ್ನು ಹನ್ನೆರಡಕ್ಕೆ ತನ್ನಿ. ಎಬ್ಬಿಸುವಾಗ ಮಗು ಅಳುತ್ತದೆ, ಅದನ್ನು ನೋಡುವುದು ಸುಲಭವಲ್ಲ. ಪರದೆ ಸರಿಸಿ, ಮೆಲ್ಲಗೆ ಮಾತಾಡಿಸಿ, ಎರಡು ನಿಮಿಷ ಮಡಿಲಲ್ಲಿ ಕೂರಿಸಿಕೊಂಡು ನಂತರ ಹೊರಗೆ ಬನ್ನಿ.

ಸಾಮಾನ್ಯವಾಗಿ ಎಡವುವ ಜಾಗಗಳು

ಜಾವ ಐದಕ್ಕೆ ಎದ್ದ ಮಗುವನ್ನು "ಪಾಪ, ದಣಿದಿದೆ" ಎಂದು ಎಂಟೂವರೆಗೆ ಮಲಗಿಸುವುದು ದೊಡ್ಡ ತಪ್ಪು. ಆ ನಿದ್ದೆ ರಾತ್ರಿಯ ಉಳಿದ ಭಾಗವಾಗಿಬಿಡುತ್ತದೆ, ಮರುದಿನವೂ ಐದಕ್ಕೇ ಎದ್ದು ಅದನ್ನು ಕೇಳುತ್ತದೆ. ಆ ದಿನದ ಮೆಟ್ಟಿಲಿಗಿಂತ ಹೆಚ್ಚೆಂದರೆ ಅರ್ಧ ಗಂಟೆ ಬೇಗ ಮಲಗಿಸಿ.

ದಾರಿಯಲ್ಲಿ ಮಗು ತೂಕಡಿಸಿತು, ಈಗೇನು? ಹತ್ತು ನಿಮಿಷದೊಳಗಾದರೆ ಮಧ್ಯಾಹ್ನದ ನಿದ್ದೆಯನ್ನು ಒಂದು ಗಂಟೆ ಮುಂದೂಡಿ. ಅರ್ಧ ಗಂಟೆಯಾದರೆ ಅಂದು ಎರಡು ನಿದ್ದೆಯ ದಿನ ಎಂದು ಒಪ್ಪಿಕೊಳ್ಳಿ. ಕಾರ್ ಸೀಟಿನಲ್ಲಿ ಮಲಗಿದ ಮಗುವನ್ನು ಮನೆ ತಲುಪಿದ ಮೇಲೆ ಅದರಲ್ಲೇ ಬಿಡಬೇಡಿ. ತಲೆ ಮುಂದಕ್ಕೆ ಬಾಗಿ ಉಸಿರಾಟಕ್ಕೆ ತೊಂದರೆಯಾಗಬಹುದು. ಸಮತಟ್ಟಾದ ಹಾಸಿಗೆಗೆ ಬದಲಿಸಿ.

ಡೇಕೇರ್‌ನಲ್ಲಿ ಒಂದೇ ನಿದ್ದೆಯ ಪದ್ಧತಿ, ಮಗು ಇನ್ನೂ ಹನ್ನೆರಡು ತಿಂಗಳದ್ದು ಎಂಬುದು ಇನ್ನೊಂದು ಸಾಮಾನ್ಯ ಪ್ರಶ್ನೆ. ಅಲ್ಲಿನ ನಿದ್ದೆಯ ಹೊತ್ತು ಕೇಳಿ ತಿಳಿದುಕೊಳ್ಳಿ, ಆ ದಿನಗಳಲ್ಲಿ ರಾತ್ರಿ ಬೇಗ ಮಲಗಿಸಿ. ರಜೆಯ ದಿನ ಮಗು ಎರಡು ನಿದ್ದೆ ಕೇಳಿದರೆ ಕೊಡಿ. ಹದಿನಾಲ್ಕು ಹದಿನೈದು ತಿಂಗಳಾದ ಮೇಲೆ ಎರಡೂ ಕಡೆ ಒಂದೇ ವೇಳೆಗೆ ತನ್ನಿ.

ನಿದ್ದೆ ಬರಲೆಂದು ಕೆಮ್ಮು ಶೀತದ ಸಿರಪ್, ಅಲರ್ಜಿ ಔಷಧ, ಮೆಲಟೋನಿನ್ ಇವನ್ನು ನಿಮ್ಮಷ್ಟಕ್ಕೆ ಕೊಡಲೇಬೇಡಿ. ಇಷ್ಟು ಸಣ್ಣ ಮಕ್ಕಳಿಗೆ ಅವು ಅಪಾಯಕಾರಿಯಾಗಬಹುದು.

ವೈದ್ಯರಿಗೆ ಯಾವಾಗ ತೋರಿಸಬೇಕು

ಶೀತವಿಲ್ಲದಾಗಲೂ ಹೆಚ್ಚಿನ ರಾತ್ರಿ ಗೊರಕೆ ಹೊಡೆದರೆ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬಂದರೆ, ಸದಾ ಬಾಯಿ ತೆರೆದೇ ಮಲಗಿದರೆ, ಕಾಲು ಒದೆಯುತ್ತಾ ರಾತ್ರಿಯಿಡೀ ನೆಮ್ಮದಿಯಿಲ್ಲದೆ ಹೊರಳಿದರೆ ಮಕ್ಕಳ ವೈದ್ಯರಿಗೆ ತೋರಿಸಿ. ಕೊನೆಯದಕ್ಕೆ ಕೆಲವೊಮ್ಮೆ ಕಬ್ಬಿಣಾಂಶದ ಕೊರತೆ ಕಾರಣವಾಗಿರುತ್ತದೆ. ಒಟ್ಟು ನಿದ್ದೆ ಹಲವು ವಾರ ಹನ್ನೊಂದು ಗಂಟೆಗಿಂತ ಕಡಿಮೆಯಾಗಿ ಮಗು ದಿನವಿಡೀ ಸಪ್ಪಗಿದ್ದರೂ ತೋರಿಸಿ. ಹೋಗುವಾಗ ಮೊದಲ ಹಂತದಲ್ಲಿ ಬರೆದಿಟ್ಟ ನೋಟ್‌ಬುಕ್ಕನ್ನೂ, ಗೊರಕೆಯಿದ್ದರೆ ಮಲಗಿದಾಗ ಮೊಬೈಲ್‌ನಲ್ಲಿ ತೆಗೆದ ಒಂದೆರಡು ನಿಮಿಷದ ವಿಡಿಯೊವನ್ನೂ ಒಯ್ಯಿರಿ. ಬಾಯಿಮಾತಿನ ವಿವರಣೆಗಿಂತ ಇವೆರಡರಿಂದ ವೈದ್ಯರಿಗೆ ಹೆಚ್ಚು ತಿಳಿಯುತ್ತದೆ.